ಕೆಂಪು ಹೊಗೆಯ ಬೇಟೆಗಾರ

"ಬುದ್ಧಿ, ಹೊಸ ಬೇಟೆಯಾಟಗಳು ತೀರಾ ಸುಲಭವಾಗಿಬಿಟ್ಟಿವೆ. ಸುಲಭವಾದ ಮೇಲೆ ಅದನ್ನು ಆಡುವುದರಲ್ಲಿ ಏನಾದರೂ ಅರ್ಥವಿದೆಯೇ?"

ಮಠದ ಪುಸ್ತಕ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಶಿವಮಲ್ಲು ಗುರುಗಳನ್ನು ಹೀಗೆ ಕೇಳಿದ. ಅವನು ಕೇಳಿದ್ದು ಕಾಡಿನ ಬೇಟೆಯ ವಿಷಯವಲ್ಲ. ಟಿವಿಯ ಪರದೆಯ ಮೇಲೆ ಆಡುವ ವಿಡಿಯೋ ಗೇಮಿನ ವಿಷಯ. ಬೆಟ್ಟದಷ್ಟು ದೊಡ್ಡ ರಕ್ಕಸ ಮೃಗಗಳನ್ನು ಹುಡುಕಿ ಹೊಡೆದು ಕೆಡಹುವ ಆಟ. ಹೈಸ್ಕೂಲಿನ ದಿನಗಳಿಂದಲೂ ಅವನು ಅದನ್ನು ಆಡುತ್ತ ಬಂದಿದ್ದ. ಮಠದಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಯಾರೂ ಬೇಡವೆಂದಿರಲಿಲ್ಲ.

ಗುರುಗಳಿಗೆ ಆ ಹೊತ್ತಿಗೆ ಸಾಕುಸಾಕಾಗಿತ್ತು. ಬೆಳಗಿನಿಂದ ಭಕ್ತರು ಒಬ್ಬರ ಹಿಂದೆ ಒಬ್ಬರು ಬಂದಿದ್ದರು. ಮಗಳ ಸಂಬಂಧ, ಹೊಲದ ವ್ಯಾಜ್ಯ, ಮಂಡಿನೋವು, ಮೋಕ್ಷ, ಎಲ್ಲಕ್ಕೂ ಉತ್ತರ ಹೇಳಿ ಹೇಳಿ ಅವರ ಗಂಟಲು ಒಣಗಿತ್ತು.

"ಮಧ್ಯಾಹ್ನ ಒಬ್ಬರು ಮೋಕ್ಷ ಎಂದರೇನು ಎಂದು ಕೇಳಿದರು," ಎಂದರು ಗುರುಗಳು. "ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ ನೋಡಿಕೊಂಡರು. ಅದಕ್ಕಿಂತ ನಿನ್ನ ಪ್ರಶ್ನೆ ವಾಸಿ. ಕೂತುಕೋ. ಏನು ಸುಲಭವಾಗಿದೆ, ಹೇಳು."

ಶಿವಮಲ್ಲು ಕೂತ.

"ಮೊದಲು ಮೃಗ ಎಲ್ಲಿದೆ ಎಂದು ನಾವೇ ಹುಡುಕಬೇಕಿತ್ತು, ಬುದ್ಧಿ. ಹೆಜ್ಜೆ ನೋಡಬೇಕು, ಲದ್ದಿ ನೋಡಬೇಕು. ಈಗ ಒಂದು ಸವಾರಿ ಪ್ರಾಣಿ ಕೊಟ್ಟಿದ್ದಾರೆ, ಹತ್ತಿ ಕೂತರೆ ಸಾಕು, ಅದೇ ಮೃಗದ ಮುಂದೆ ತಂದು ನಿಲ್ಲಿಸುತ್ತದೆ. ಮೊದಲು ಗಾಯಕ್ಕೆ ಮದ್ದು ಕುಡಿಯಬೇಕಾದರೆ ನಿಂತಲ್ಲೇ ನಿಲ್ಲಬೇಕಿತ್ತು, ಅಷ್ಟರಲ್ಲಿ ಮೃಗ ಬಂದು ಗುದ್ದುತ್ತಿತ್ತು. ಈಗ ಓಡುತ್ತಲೇ ಕುಡಿಯಬಹುದು. ಜೊತೆಗೆ ಯಾರೂ ಇಲ್ಲದಿದ್ದರೆ ಯಂತ್ರವೇ ಜೊತೆಗಾರರನ್ನು ಕೊಡುತ್ತದೆ. ಆಡಿದವರಿಗೆಲ್ಲ ಗೆಲುವು. ನನಗೆ ಬೇಸರ ಬಂದುಹೋಗಿದೆ. ಆ ಯಂತ್ರವನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದೇನೆ."

ಗುರುಗಳು ನಕ್ಕರು. ಆ ನಗುವಿನಲ್ಲೂ ಬಲವಿರಲಿಲ್ಲ.

"ಶಿಷ್ಯ ವಿಡಿಯೋ ಗೇಮ್ ಬಿಡುತ್ತೇನೆ ಅಂದರೆ ಸ್ವಾಮಿಯಾದವನು ಸಂತೋಷಪಡಬೇಕು. ಆದರೆ ನೀನು ಬಿಡುತ್ತಿರುವುದು ವೈರಾಗ್ಯದಿಂದಲ್ಲ, ಸಿಟ್ಟಿನಿಂದ. ಸಿಟ್ಟಿನಿಂದ ಸಂಸಾರ ಬಿಟ್ಟು ಬಂದವರನ್ನೂ ಈ ಮಠದಲ್ಲಿ ಬೇಕಾದಷ್ಟು ನೋಡಿದ್ದೇನೆ. ದಾಸೋಹದ ಸಾರು ಬೇಸರವಾಗುವ ಹೊತ್ತಿಗೆ ವಾಪಸ್ ಹೊರಡುತ್ತಾರೆ. ಇರಲಿ. ನಿನಗೊಂದು ಕತೆ ಹೇಳುತ್ತೇನೆ. ಇದನ್ನು ನನಗೆ ಹೇಳಿದವನೂ ಈ ಆಟದವನೇ. ನಡುವೆ ಬಾಯಿ ಹಾಕಬೇಡ, ನನಗೆ ದಣಿವಾಗಿದೆ."

ಹೀಗೆಂದು ಗುರುಗಳು ಗೋಡೆಗೆ ಒರಗಿ ಕತೆ ಹೇಳತೊಡಗಿದರು.

ಒಬ್ಬ ಬೇಟೆಗಾರನಿದ್ದ. ಅವನ ಬೇಟೆಯೆಲ್ಲ ಪರದೆಯ ಮೇಲೆ. ಹೊರಗೆ ಅವನು ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ಅಂಗಡಿಯಲ್ಲಿ ಇಲಿ ಕಂಡರೆ ಪಕ್ಕದವನನ್ನು ಕೂಗುತ್ತಿದ್ದ. ಆದರೆ ಆಟದೊಳಗೆ ಅವನನ್ನು ಬಗ್ಗಿಸುವ ಮೃಗ ಇರಲಿಲ್ಲ.

ಅವನು ಆಟ ಕಲಿತ ಕಾಲದಲ್ಲಿ ಅದು ಅಂಗೈಯಲ್ಲಿ ಹಿಡಿಯುವ ಯಂತ್ರದಲ್ಲಿತ್ತು. ನಾಲ್ವರು ಸೇರಿ ಬೇಟೆಗೆ ಹೋಗಬೇಕಾದರೆ ನಾಲ್ವರೂ ಒಂದೇ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರಬೇಕು. ಅವನ ಜೊತೆಗೆ ಮೂವರಿದ್ದರು. ಒಬ್ಬ ಫೋಟೋ ಸ್ಟುಡಿಯೋದವನು, ಒಬ್ಬ ಔಷಧದ ಅಂಗಡಿಯವನು, ಒಬ್ಬ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದವನು. ಭಾನುವಾರ ಸ್ಟುಡಿಯೋದ ಬಾಗಿಲನ್ನು ಅರ್ಧ ಎಳೆದು ಒಳಗೆ ಕೂರುತ್ತಿದ್ದರು.

ಆ ಆಟಕ್ಕೆ ಒಂದು ಕಟ್ಟಳೆ ಇತ್ತು. ಈಗಲೂ ಇದೆ, ನಿನಗೆ ಗೊತ್ತಿರುವುದೇ. ಬೇಟೆಯಲ್ಲಿ ಯಾರೇ ಬೀಳಲಿ, ಒಟ್ಟು ಮೂರು ಸಲ ಬಿದ್ದರೆ ಬೇಟೆ ಮುಗಿಯಿತು. ಒಬ್ಬನೇ ಮೂರು ಸಲ ಬಿದ್ದರೂ ಅಷ್ಟೇ, ಮೂವರು ಒಂದೊಂದು ಸಲ ಬಿದ್ದರೂ ಅಷ್ಟೇ. ಒಬ್ಬರು ಎಷ್ಟೇ ಚೆನ್ನಾಗಿ ಆಡಿದ್ದರೂ ಎಲ್ಲರೂ ಬರಿಗೈಲಿ ಬಿಡಾರಕ್ಕೆ ಮರಳಬೇಕು. ಯಾರು ಈ ಕಟ್ಟಳೆ ಮಾಡಿದರೋ, ಅವರಿಗೆ ಸಂಸಾರ ಅಂದರೆ ಏನೆಂದು ತಿಳಿದಿರಬೇಕು.

ಅವರನ್ನು ಒಂದು ಮೃಗ ಬಹಳ ಕಾಡಿತು. ಮಳೆಗಾಲವಿಡೀ ಅದರ ಕೈಯಲ್ಲಿ ಸೋತರು. ಸೋಲಿಗೆ ಹೆಚ್ಚಾಗಿ ಕಾರಣನಾಗುತ್ತಿದ್ದವನು ಔಷಧದ ಅಂಗಡಿಯವನು. ಮೃಗ ಎದುರಿಗೆ ಬಂದ ಕೂಡಲೇ ಅವನಿಗೆ ಮದ್ದು ಕುಡಿಯುವ ನೆನಪಾಗುತ್ತಿತ್ತು. ಕುಡಿಯುತ್ತ ನಿಂತಲ್ಲೇ ಹೊಡೆತ ತಿಂದು ಬೀಳುತ್ತಿದ್ದ. ಉಳಿದವರು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅವನು ತಲೆ ತಗ್ಗಿಸಿ ಎದ್ದು ಹೋಗಿ ನಾಲ್ವರಿಗೂ ಟೀ ತರುತ್ತಿದ್ದ. ಟೀ ಕುಡಿಯುತ್ತ ಮೃಗ ಹೇಗೆ ತಿರುಗಿತು, ಯಾವಾಗ ಬಾಲ ಎತ್ತಿತು, ಯಾವ ಕಾಲು ಎಳೆಯಿತು ಎಂದು ಜಗಳವಾಡುತ್ತಿದ್ದರು. ಹೀಗೆ ಜಗಳವಾಡಿಯೇ ಅವರಿಗೆ ಆ ಮೃಗದ ಮೈಯೆಲ್ಲ ಬಾಯಿಪಾಠವಾಯಿತು.

ಕೊನೆಗೊಂದು ಭಾನುವಾರ ಮೃಗ ಬಿತ್ತು. ಸ್ಟುಡಿಯೋದವನು ಕ್ಯಾಮೆರಾಕ್ಕೆ ಟೈಮರ್ ಇಟ್ಟು, ನಾಲ್ವರೂ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ನಿಂತ ಫೋಟೋ ತೆಗೆದ. ಅವನು ಪುಕ್ಕಟೆ ತೆಗೆದದ್ದು ಅದೊಂದೇ ಇರಬೇಕು.

ಆಮೇಲೆ ಎಲ್ಲರ ಬದುಕಿನಲ್ಲೂ ಆಗುವುದು ಅವರ ಬದುಕಿನಲ್ಲೂ ಆಯಿತು. ಎಲ್ಲರ ಕೈಗೂ ಮೊಬೈಲ್ ಬಂದು ಸ್ಟುಡಿಯೋ ಮುಚ್ಚಿತು, ಅದರವನು ಹೆಂಡತಿಯ ಊರಿಗೆ ಹೋದ. ಓದುತ್ತಿದ್ದವನಿಗೆ ದೂರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಔಷಧದ ಅಂಗಡಿಯವನಿಗೆ ಅವಳಿ ಮಕ್ಕಳಾದವು, ಅವನಿಗೆ ನಿದ್ದೆಗೇ ಪುರಸೊತ್ತಿಲ್ಲದಾಯಿತು. ಯಾರೂ ಜಗಳವಾಡಿ ದೂರವಾಗಲಿಲ್ಲ, ಯಾರೂ ಹೇಳಿ ಹೋಗಲೂ ಇಲ್ಲ. ಬೇಟೆಗಾರ ಒಬ್ಬನೇ ಉಳಿದ.

ಅವನಿಗೆ ಬೇಕಾಗಿದ್ದುದು ಒಂದೇ. ಅಂಥ ಮೂವರು ಮತ್ತೆ ಸಿಗಬೇಕು. ಇದನ್ನು ಅವನು ಯಾರ ಮುಂದೆಯೂ ಹೇಳಲಿಲ್ಲ. ನಲವತ್ತು ಹತ್ತಿರವಾದ ಗಂಡಸು, ನನಗೆ ಆಡಲು ಜೊತೆ ಬೇಕು ಎಂದು ಬಾಯಿಬಿಟ್ಟು ಹೇಗೆ ಹೇಳುತ್ತಾನೆ? ಆದ್ದರಿಂದ ಆಟ ಸುಲಭವಾಗಿಬಿಟ್ಟಿದೆ ಎಂದು ಹೇಳತೊಡಗಿದ.

ಸುಲಭವಾಗಿದ್ದುದೂ ನಿಜವೇ. ನಾನು ಅವನನ್ನು ಸುಳ್ಳ ಅನ್ನುವುದಿಲ್ಲ. ನಮ್ಮ ಮಠದಲ್ಲಿ ಓದಿ ಹೋದ ಹಳಬರೂ ಬಂದು ಇಂಥದ್ದೇ ಹೇಳುತ್ತಾರೆ. ನಮ್ಮ ಕಾಲದಲ್ಲಿ ತಣ್ಣೀರು ಸ್ನಾನ, ಈಗಿನ ಹುಡುಗರಿಗೆ ಸೋಲಾರ್ ಬಿಸಿನೀರು ಅನ್ನುತ್ತಾರೆ. ನಿಜವೇ. ಹೇಳಿ ಮುಗಿಸಿ ಅತಿಥಿಗೃಹಕ್ಕೆ ಹೋಗಿ ಅದೇ ಬಿಸಿನೀರಿನಲ್ಲಿ ಸ್ನಾನ ಮಾಡುತ್ತಾರೆ.

ಹೊಸ ಆಟ ಬಂದಾಗ ಅದರಲ್ಲಿ ಒಂದು ಹೊಸ ಏರ್ಪಾಡು ಇತ್ತು. ಒಂದೇ ಕೋಣೆಯಲ್ಲಿ ಕೂರಬೇಕಾದ ಅಗತ್ಯವಿರಲಿಲ್ಲ. ಮೃಗದ ಎದುರು ಕಷ್ಟಕ್ಕೆ ಸಿಕ್ಕವರು ಆಕಾಶಕ್ಕೆ ಒಂದು ಕೆಂಪು ಹೊಗೆ ಬಿಟ್ಟರೆ ಸಾಕು. ಯಾವುದೋ ಊರಿನಲ್ಲಿ ಕೂತವರು ಅದನ್ನು ನೋಡಿ ನೆರವಿಗೆ ಬರಬಹುದು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಒಬ್ಬರಿಗೊಬ್ಬರು ಮಾತಾಡಲೂಬಹುದು.

ಬೇಟೆಗಾರ ಅಂಗಡಿ ಮುಚ್ಚಿ ಮನೆಗೆ ಬಂದವನೇ ಕೆಂಪು ಹೊಗೆ ಎಲ್ಲಿದೆ ಎಂದು ಹುಡುಕುತ್ತಿದ್ದ. ಕಂಡ ಕೂಡಲೇ ಓಡುತ್ತಿದ್ದ. ಅವನ ಕೈಯಲ್ಲಿದ್ದುದು ಆಟದ ಕೊನೆಯವರೆಗೂ ಹೋಗಿ ಗಳಿಸಿದ ಕತ್ತಿ. ಹೊಗೆ ಬಿಟ್ಟವರು ಎದುರಿಸುತ್ತಿದ್ದುದು ಮೊದಲ ಮೆಟ್ಟಿಲಿನ ಮೃಗ. ನಾಲ್ಕು ಏಟಿಗೆ ಅದು ಮಲಗುತ್ತಿತ್ತು. ಕರೆದವರಿಗೆ ಮೃಗದ ಮುಖ ನೆನಪಿನಲ್ಲಿ ಉಳಿಯುವಷ್ಟೂ ಹೊತ್ತು ಸಿಗುತ್ತಿರಲಿಲ್ಲ.

"ಥ್ಯಾಂಕ್ಸ್ ಗುರು" ಎಂದು ಹೇಳಿ ಅವರು ಹೋಗುತ್ತಿದ್ದರು. ಅಲ್ಲಿಯೂ ಗುರು ಎಂದೇ ಕರೆಯುತ್ತಾರಂತೆ. ಆ ಹೆಸರು ಎಲ್ಲೆಲ್ಲಿ ಪಾಡುಪಡುತ್ತಿದೆಯೋ ಶಿವನೇ ಬಲ್ಲ.

ಒಮ್ಮೆ ಒಬ್ಬಳು ನರ್ಸ್ ಹೊಗೆ ಬಿಟ್ಟಿದ್ದಳು. ಬೇಟೆಗಾರ ಬಂದ. ಅವನು ಕತ್ತಿ ಎತ್ತುವಾಗ ಅವಳು ಹೇಳಿದಳು: "ಒಂದ್ನಿಮಿಷ ನಿಲ್ಲಿ ಅಣ್ಣ, ನಾನೂ ಒಂದೆರಡು ಏಟು ಹೊಡೀತೀನಿ."

"ನೀವು ಹೊಡೆಯೋ ಅಷ್ಟರಲ್ಲಿ ಬಿದ್ದು ಹೋಗ್ತೀರಮ್ಮ," ಎಂದ ಬೇಟೆಗಾರ. "ಆ ಬಂಡೆ ಹಿಂದೆ ನಿಂತ್ಕೊಳ್ಳಿ. ನಾನು ಮುಗಿಸ್ತೀನಿ."

ಅವಳು ಬಂಡೆಯ ಹಿಂದೆ ನಿಂತಳು. ಅವನು ಮುಗಿಸಿದ.

ಎಲ್ಲರಿಗೂ ಅವನು ಹೀಗೆಯೇ ಹೇಳುತ್ತಿದ್ದ. ಅದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ದಯೆಯಿಂದಲೇ ಮಾಡುತ್ತಿದ್ದ. ದಯೆಯ ಜೊತೆಗೆ ಇನ್ನೊಂದೂ ಇತ್ತು. ತಾನು ಇದ್ದ ಬೇಟೆ ಸೋತಿತು ಎನಿಸಿಕೊಳ್ಳುವುದು ಅವನಿಗೆ ಆಗುತ್ತಿರಲಿಲ್ಲ. ಹೊಸಬರು ಬಿದ್ದರೆ ಅದು ತನ್ನ ಲೆಕ್ಕಕ್ಕೂ ಸೇರುತ್ತದಲ್ಲ. ಅದಕ್ಕೇ ಅವರು ಬೀಳುವ ಮೊದಲೇ ಮೃಗವನ್ನು ಬೀಳಿಸುತ್ತಿದ್ದ.

ಮುಗಿಸಿ ಬಂದ ಮೇಲೆ ಅವನಿಗೆ ಖುಷಿಯಾಗುತ್ತಿರಲಿಲ್ಲ, ಆಯಾಸವಾಗುತ್ತಿತ್ತು. ಈಗಿನವರಿಗೆ ಏನೂ ಗೊತ್ತಿಲ್ಲ, ಮೃಗ ಬಾಲ ಎತ್ತಿದರೆ ಏನರ್ಥ ಎಂಬುದೂ ತಿಳಿಯದು, ಆಟ ಮಾಡುವವರು ಇವರಿಗೆ ತುತ್ತು ಮಾಡಿ ಉಣಿಸುತ್ತಿದ್ದಾರೆ ಎಂದು ಇಂಟರ್‌ನೆಟ್ಟಿನಲ್ಲಿ ಉದ್ದುದ್ದ ಬರೆಯುತ್ತಿದ್ದ. ಅವನಂಥ ಹಳಬರು ಅಲ್ಲಿ ಬಹಳ ಮಂದಿ ಇದ್ದರು. ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. ಹೌದು ಎಂದವರು ಅಷ್ಟು ಮಂದಿ ಇದ್ದರೂ ಅವರಲ್ಲಿ ಒಬ್ಬರೂ ಇನ್ನೊಬ್ಬರ ಜೊತೆ ಆಡಲು ಹೋಗುತ್ತಿರಲಿಲ್ಲ.

ಕೇಳಿ ಕೇಳಿ ಆಟ ಮಾಡುವವರಿಗೂ ಸಾಕಾಯಿತು. ಹಳಬರ ಬಾಯಿ ಮುಚ್ಚಲಿ ಎಂದು ಒಂದು ಹೊಸ ಮೃಗವನ್ನು ಆಟದೊಳಗೆ ಬಿಟ್ಟರು. ಅದರ ಬಳಿಗೆ ಸವಾರಿ ಪ್ರಾಣಿ ಹೋಗುತ್ತಿರಲಿಲ್ಲ. ಯಂತ್ರ ಕೊಡುವ ಜೊತೆಗಾರರಿಗೂ ಅಲ್ಲಿ ಪ್ರವೇಶವಿರಲಿಲ್ಲ. ಹೋಗುವುದಾದರೆ ಮನುಷ್ಯರೇ ಹೋಗಬೇಕು.

ಬೇಟೆಗಾರನಿಗೆ ಬಹಳ ದಿನಗಳ ಮೇಲೆ ಜೀವ ಬಂದಂತಾಯಿತು. ಒಬ್ಬನೇ ಹೋದ. ಆಗಲಿಲ್ಲ. ಇನ್ನೊಮ್ಮೆ ಹೋದ, ಆಗಲಿಲ್ಲ. ಒಬ್ಬನಿಂದ ಆಗುವ ಕೆಲಸವಲ್ಲ ಎಂದು ಅವನಿಗೆ ತಿಳಿಯಿತು. ಒಂದು ರಜೆಯ ದಿನ ಮಧ್ಯಾಹ್ನ, ಯಾರೋ ನೋಡುತ್ತಾರೇನೋ ಎಂಬ ಸಂಕೋಚದಿಂದ, ಅವನು ಜೀವಮಾನದಲ್ಲಿ ಮೊದಲ ಸಲ ಕೆಂಪು ಹೊಗೆ ಬಿಟ್ಟ.

ಹೊಗೆ ಮೇಲೇರುವ ಮೊದಲೇ ಮೂವರು ಬಂದರು. ಒಬ್ಬಳು ಆ ನರ್ಸ್, ಒಬ್ಬ ಬಸ್ ಕಂಡಕ್ಟರ್, ಒಬ್ಬ ಬೇಕರಿಯವನು. ಮೂವರನ್ನೂ ಅವನು ಯಾವುದೋ ದಿನ ಯಾವುದೋ ಮೃಗದ ಬಾಯಿಂದ ಬಿಡಿಸಿದ್ದ. ಅವನಿಗೆ ಅವರ ನೆನಪಿರಲಿಲ್ಲ. ಅವರು ಮರೆತಿರಲಿಲ್ಲ. ಅಣ್ಣನೇ ಕರೆದಿದ್ದಾರೆ ಎಂದು ಬೇಕರಿಯವನು ಒಲೆಯೊಳಗಿನ ಬನ್ನನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದನಂತೆ.

ನಾಲ್ವರೂ ಹೊರಟರು. ಮೃಗ ಎದುರಾಯಿತು. ಬೇಟೆಗಾರ ನುಗ್ಗಿದ. ಹಳೆಯ ವಿದ್ಯೆಯೆಲ್ಲ ಕೈಗೆ ಬಂತು. ಮೃಗ ತಿರುಗುವ ಕಡೆ ತಿರುಗಿದ, ಹಾರುವಾಗ ಬಗ್ಗಿದ. ಸ್ವಲ್ಪ ಹೊತ್ತಾದ ಮೇಲೆ ತಾನೊಬ್ಬನೇ ಹೊಡೆಯುತ್ತಿರುವುದು ಅವನ ಗಮನಕ್ಕೆ ಬಂತು. ತಿರುಗಿ ನೋಡಿದ. ಮೂವರೂ ಒಂದು ಬಂಡೆಯ ಹಿಂದೆ ಸಾಲಾಗಿ ನಿಂತಿದ್ದರು. ಆಯುಧಗಳು ಇನ್ನೂ ಅವರ ಬೆನ್ನ ಮೇಲೇ ಇದ್ದವು. ಬೇಟೆ ಎಂದರೆ ಹೀಗೆಯೇ ಎಂದು ಅವರು ತಿಳಿದಿದ್ದರು.

"ಹೊಡೀರ್ರೀ! ನಿಂತ್ಕೊಂಡು ಏನ್ ನೋಡ್ತಿದ್ದೀರಿ?" ಎಂದು ಅವನು ಕೂಗಿದ.

ನರ್ಸ್ ಓಡಿ ಬಂದಳು. ಮೃಗ ಬಾಲ ಎತ್ತಿತು. ಅದರ ಅರ್ಥ ಅವಳಿಗೆ ತಿಳಿಯದು. ಬಿದ್ದಳು. ಅವಳು ಬಿದ್ದದ್ದನ್ನು ನೋಡಿ ಕಂಡಕ್ಟರ್ ಓಡಿ ಬಂದ, ಅವನೂ ಬಿದ್ದ. ಬೇಕರಿಯವನಾದರೂ ಎಲ್ಲಿದ್ದಾನೆ ಎಂದು ಬೇಟೆಗಾರ ಒಂದು ಕ್ಷಣ ಪಕ್ಕಕ್ಕೆ ನೋಡಿದ. ಆ ಕ್ಷಣದಲ್ಲಿ ಮೃಗ ಅವನನ್ನು ಹೊಡೆಯಿತು. ಮೂರನೆಯ ಸಲ ಬಿದ್ದವನು ಅವನೇ. ಬೇಟೆ ಮುಗಿಯಿತು. ನಾಲ್ವರೂ ಬರಿಗೈಲಿ ಬಿಡಾರಕ್ಕೆ ಬಂದರು.

ಬೇಟೆಗಾರನಿಗೆ ಮೈಯೆಲ್ಲ ಉರಿಯಿತು. "ಬಾಲ ಎತ್ತಿದ್ದು ಕಾಣಿಸ್ಲಿಲ್ವಾ? ಇಷ್ಟು ದಿನ ಆಡಿ ಏನ್ರೀ ಕಲಿತಿದ್ದೀರಿ?" ಎಂದು ಕೂಗಾಡಿದ.

ಬೇಕರಿಯವನು ಮೆಲ್ಲಗೆ ಹೇಳಿದ: "ಬೇಜಾರ್ ಮಾಡ್ಕೋಬೇಡಿ ಅಣ್ಣ. ಮೃಗ ಇಷ್ಟು ಹೊತ್ತು ಬದುಕಿರೋದನ್ನ ನಾವು ನೋಡಿದ್ದೇ ಇವತ್ತು."

ಅವನು ಕುಹಕದಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕಂಡಕ್ಟರಿಗೆ ನಗು ತಡೆಯಲಾಗಲಿಲ್ಲ. ನರ್ಸೂ ನಕ್ಕಳು. ನಗುತ್ತಲೇ ಕೇಳಿದಳು: "ಇನ್ನೊಂದ್ ಸಲ ಹೋಗೋಣ್ವಾ ಅಣ್ಣ? ಈ ಸಲ ನಾನು ಬಾಲ ನೋಡ್ಕೋತೀನಿ."

ಬೇಟೆಗಾರ ಕಿವಿಯಿಂದ ಹೆಡ್‌ಫೋನ್ ತೆಗೆದ. ಯಂತ್ರವನ್ನು ಬಂದ್ ಮಾಡಿದ. ಆಮೇಲೆ ಮೊಬೈಲ್ ಎತ್ತಿಕೊಂಡು, ಆಟವನ್ನು ಸುಲಭ ಮಾಡಿ ಮಾಡಿ ಒಂದು ಪೀಳಿಗೆಯನ್ನೇ ಕೆಡಿಸಿದ್ದೀರಿ ಎಂದು ಬರೆದ. ಹಳಬರೆಲ್ಲ ಹೌದು ಹೌದು ಎಂದರು.

ಗುರುಗಳು ಮಾತು ನಿಲ್ಲಿಸಿ ಚೆಂಬಿನ ನೀರು ಕುಡಿದರು. ಕತೆ ಮುಗಿಯಿತೋ ಇಲ್ಲವೋ ಶಿವಮಲ್ಲುವಿಗೆ ತಿಳಿಯಲಿಲ್ಲ.

"ಆ ಮೂವರು ಏನಾದರು, ಬುದ್ಧಿ?"

"ಪಾಪ, ಅವನಿಗಾಗಿ ಬಹಳ ಹೊತ್ತು ಕಾದರಂತೆ. ಅಣ್ಣನ ಮನೆಯಲ್ಲಿ ಕರೆಂಟ್ ಹೋಗಿರಬೇಕು ಎಂದುಕೊಂಡರು. ಆಮೇಲೆ ಮೂವರೇ ಹೋದರು. ಸೋತರು. ಈಗಲೂ ಕಂಡಕ್ಟರನ ಪಾಳಿ ಯಾವಾಗ, ನರ್ಸಿನ ಪಾಳಿ ಯಾವಾಗ ಎಂದು ಹೊಂದಿಸಿಕೊಂಡು ಹೋಗುತ್ತಾರಂತೆ. ಹೋಗಿ ಸೋಲುತ್ತಾರಂತೆ. ನಾಲ್ಕನೆಯವನ ಜಾಗಕ್ಕೆ ಯಾರನ್ನೂ ಸೇರಿಸಿಕೊಂಡಿಲ್ಲವಂತೆ."

"ಮತ್ತೆ ಬೇಟೆಗಾರ?"

"ಅವನು ಒಬ್ಬನೇ ಇದ್ದಾನೆ."

ಗುರುಗಳು ಮಂಡಿಯ ಮೇಲೆ ಕೈ ಊರಿ ಏಳಲು ಹೊರಟರು. ಶಿವಮಲ್ಲು ಕೈ ಕೊಟ್ಟು ಎಬ್ಬಿಸಿದ. ಆದರೂ ಅವನ ಮನಸ್ಸು ಒಪ್ಪಲಿಲ್ಲ.

"ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಬುದ್ಧಿ. ಆಟ ಸುಲಭವಾಗಿದೆಯೋ ಇಲ್ಲವೋ?"

"ಆಗಿದೆಯಪ್ಪ, ಎಲ್ಲವೂ ಸುಲಭವಾಗಿದೆ," ಎಂದರು ಗುರುಗಳು, "ಸೋತವರು ಇನ್ನೊಂದು ಸಲ ಹೋಗೋಣವೇ ಎಂದು ಕೇಳಿದಾಗ ಹೂಂ ಅನ್ನುವುದೊಂದು ಬಿಟ್ಟು."